ಕೀಲಿಗೊಂಚಲಿನ ಒಡೆಯ

"ಓಡಿದ್ಯಾಕೆ?" ವಾಂಡಾ ಹ್ರುಷ್ಕಾ ಕೇಳಿದಳು. "ತಪ್ಪು ಮಾಡಿಲ್ಲ ಅಂದ್ಮೇಲೆ ನನ್ನ ಮುಖ ಕಂಡ ತಕ್ಷಣ ಓಡಿದ್ಯಾಕೆ ಅಂತ ಕೇಳ್ತಿದೀನಿ."

ಡೇಲ್ ಪ್ರೂಯಿಟ್ ಊರಿನ ಸರ್ವರ್‌ಗಳನ್ನು ನೋಡಿಕೊಳ್ಳುವ ಆಸಾಮಿ. ಅವನ ಕೆನ್ನೆ ಸರ್ವರ್ ಕಪಾಟಿನ ಕಬ್ಬಿಣದ ಬಾಗಿಲಿಗೆ ಒತ್ತಿಕೊಂಡಿತ್ತು. ಬಲಗೈ ಬೆನ್ನ ಹಿಂದೆ ಅವಳ ಹಿಡಿತದಲ್ಲಿ ತಿರುಚಿಕೊಂಡಿತ್ತು. ಹಿತ್ತಲ ಬಾಗಿಲಿನಿಂದ ಪರಾರಿಯಾಗುತ್ತಿದ್ದವನನ್ನು ಹಿಮದ ಗುಡ್ಡೆಯ ಮೇಲೆ ಕೆಡವಿ, ಕಾಲರ್ ಹಿಡಿದು ಎಳೆದು ತಂದಿದ್ದಳು. ಮೂಗಿನಿಂದ ಇಳಿದ ರಕ್ತ ಅವನ ಗಡ್ಡದಲ್ಲಿ ಅಂಟಿಕೊಳ್ಳುತ್ತಿತ್ತು.

"ಕೈ ಮುರಿಯುತ್ತೆ ಮೇಡಂ."

"ಮುರೀಲಿ ಬಿಡು. ಇನ್ನೊಂದಿದೆಯಲ್ಲ."

ಅವಳಿಗೆ ಕರುಣೆ ತೋರಿಸುವ ಮನಸ್ಸಿರಲಿಲ್ಲ. ಗುಜರಿ ಅಂಗಳದ ಕ್ರೇನ್ ಚಾಲಕ ಬೆನ್ನಿ ಟೋಕರ್‌ನ ಹೆಣ ಸೋಮವಾರ ಬೆಳಿಗ್ಗೆ ಅವನದೇ ಕ್ರೇನಿನ ಕೊಕ್ಕೆಯಿಂದ ಸರಪಳಿಯಲ್ಲಿ ತೂಗುತ್ತಿದ್ದುದನ್ನು ಅವಳು ನೋಡಿ ಬಂದಿದ್ದಳು. ನೇತುಹಾಕುವ ಮೊದಲು ಅವನ ಎರಡೂ ಕೈಗಳ ಬೆರಳುಗಳನ್ನು ಜಜ್ಜಿದ್ದರು. ಬರೆದ ಬೆರಳುಗಳಿಗೆ ಶಿಕ್ಷೆ.

ಬೆನ್ನಿ ಬರೆದದ್ದು ಒಂದೇ ಜಾಗದಲ್ಲಿ. 'ಹ್ಯಾನ್ಲಿ ವಾಯ್ಸ್' ಪತ್ರಿಕೆಯ ವೆಬ್‌ಸೈಟಿನಲ್ಲಿ ಸುಳಿವು ಕೊಡುವವರಿಗೆಂದೇ ಒಂದು ಪುಟವಿತ್ತು. ಅಲ್ಲಿ ಬರೆದದ್ದು ಅಲ್ಲೇ ಗುಪ್ತಲಿಪಿಯಾಗುತ್ತದೆ, ಸಂಪಾದಕಿ ನೊರೀನ್ ತನ್ನ ಕೀಲಿ ಹಾಕದೆ ಅದನ್ನು ದೇವರೂ ಓದಲಾರ ಎಂದು ಪತ್ರಿಕೆ ಇಡೀ ಪೋರ್ಟ್ ಹ್ಯಾನ್ಲಿ ಊರಿಗೆ ಮಾತು ಕೊಟ್ಟಿತ್ತು. ಆ ಮಾತು ನಂಬಿ ಬೆನ್ನಿ, ಯಜಮಾನ ಟಾಬರ್ ಕೆಲವು ಹಳೇ ಕಾರುಗಳ ಡಿಕ್ಕಿ ತೆಗೆಯಲು ಬಿಡದೆ ನೇರವಾಗಿ ಜಜ್ಜುವ ಯಂತ್ರಕ್ಕೆ ಹಾಕಿಸುತ್ತಾನೆ, ಒಮ್ಮೆ ಡಿಕ್ಕಿಯ ಸಂದಿಯಲ್ಲಿ ಮನುಷ್ಯನ ಕೈ ಕಂಡೆ ಎಂದು ಬರೆದ. ಆ ಬರಹದ ಕರಡು ಅವನ ಮನೆಯಲ್ಲಿ ವಾಂಡಾಳಿಗೆ ಸಿಕ್ಕಿತ್ತು. ನೊರೀನ್ ಆ ವಾರವೆಲ್ಲ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿ ಮಂಪರಿನಲ್ಲಿದ್ದಳು. ಅವಳು ತೆರೆದೇ ಇರದ ಪತ್ರವನ್ನು ಬೇರೆ ಯಾರೋ ಓದಿದ್ದರು.

ಅದೇ ಪುಟಕ್ಕೆ ಮಂಗಳವಾರ ಇನ್ನೊಬ್ಬಳು ಬರೆದಿದ್ದಳು. ಲಿಡಿಯಾ ಮರೇರೊ, ಅಂಗಳದ ತೂಕದ ಕೋಣೆಯ ಗುಮಾಸ್ತೆ. ಆ ಡಿಕ್ಕಿ ತೆಗೆಯದ ಕಾರುಗಳು ಇರಬೇಕಾದ್ದಕ್ಕಿಂತ ಒಬ್ಬ ಆಳಿನ ತೂಕದಷ್ಟು ಹೆಚ್ಚು ತೂಗುತ್ತಿದ್ದವು ಎಂದು ಅವಳಿಗೆ ಮಾತ್ರ ಗೊತ್ತು. ಕಳಿಸುವ ಗುಂಡಿ ಒತ್ತಿದಾಗ ಪರದೆಯ ಮೇಲೆ ಎಂಥದೋ ತಪ್ಪಿನ ಸಂದೇಶ ಬಂದಿತ್ತು. ಹೆದರಿ ಇವತ್ತು ಬೆಳಿಗ್ಗೆ, ಪೊಲೀಸ್ ಕೆಲಸ ಬಿಟ್ಟು ಖಾಸಗಿ ಪತ್ತೇದಾರಿಯಾಗಿದ್ದ ವಾಂಡಾಳ ಬಾಗಿಲು ಬಡಿದಿದ್ದಳು.

ವಾಂಡಾ ಅವಳನ್ನು ವೆಂಡಲ್ ಏಮ್ಸ್‌ನ ಕಾರಿಗೆ ಹತ್ತಿಸಿ ಬಂದಿದ್ದಳು. ವೆಂಡಲ್ ಅವಳ ಪೊಲೀಸ್ ದಿನಗಳ ಜೊತೆಗಾರ, ಮಂಡಿ ಹೋಗಿ ನಿವೃತ್ತನಾದವನು. ದಕ್ಷಿಣದಲ್ಲಿರುವ ತನ್ನ ತಂಗಿಯ ಸೇಬಿನ ತೋಟದಲ್ಲಿ ಹುಡುಗಿಯನ್ನು ಅಡಗಿಸಿಡುತ್ತೇನೆ ಎಂದ. ಎರಡು ಜೇಬಿನಲ್ಲಿ ಎರಡು ಫೋನ್ ಇಟ್ಟುಕೊಂಡು, "ಒಂದು ಹೆಂಡ್ತಿಗೆ, ಒಂದು ನೆಮ್ಮದಿಗೆ" ಎಂದು ಎಂದಿನಂತೆ ನಗಿಸಿದ. ಹೊರಡುವಾಗ, "ನಿನ್ ಪಿಸ್ತೂಲ್ ಕೊಡು, ಹೆಣ್ಮಗು ಜೊತೇಲಿದೆ" ಎಂದು ಇಸಿದುಕೊಂಡು ಹೋದ.

ಹಾಗಾಗಿ ಈಗ ವಾಂಡಾಳ ಹತ್ತಿರ ಎರಡು ಕೈ ಬಿಟ್ಟು ಬೇರೇನೂ ಇರಲಿಲ್ಲ. ಡೇಲನ ಮಟ್ಟಿಗೆ ಅಷ್ಟೇ ಸಾಕಾಗಿತ್ತು.

"ಹೇಳ್ತೀನಿ," ಎಂದ ಡೇಲ್. "ಬಿಡಿ, ಹೇಳ್ತೀನಿ."

ಅವಳು ಬಿಟ್ಟಳು. ಅವನು ಕುರ್ಚಿಯಲ್ಲಿ ಕುಸಿದ. ಒಂದು ಕಾಲದಲ್ಲಿ ಬೇಕರಿಯಾಗಿದ್ದ ಕೋಣೆ ಅದು. ಗೋಡೆಯಲ್ಲಿ ಒಲೆಯ ಬಾಯಿ ಇನ್ನೂ ಹಾಗೇ ಇತ್ತು, ಅದರ ಮುಂದೆ ಊರಿನ ಅರ್ಧ ವೆಬ್‌ಸೈಟುಗಳನ್ನು ಹೊತ್ತ ಕಪಾಟುಗಳು ಗುಂಯ್‌ಗುಟ್ಟುತ್ತಿದ್ದವು. ಮಾಲೀಕ ಸ್ಯಾಟ್ಲರ್ ಕ್ರಿಸ್‌ಮಸ್‌ಗೆ ಮುಂಚೆಯೇ ಫ್ಲೋರಿಡಾ ಸೇರಿದ್ದ. ಇಲ್ಲಿನ ದೇವರು, ಪೂಜಾರಿ, ಕಸ ಗುಡಿಸುವವನು ಎಲ್ಲ ಡೇಲ್ ಒಬ್ಬನೇ.

"ಆ ಪುಟ ಕೆಟ್ಟಿದೆ ಅಂತ ನಿನ್ನೆ ಪತ್ರಿಕೆಯಿಂದ ಫೋನ್ ಬಂತು," ಎಂದ, ತೋಳಿಗೆ ಮೂಗು ಒರೆಸಿಕೊಳ್ಳುತ್ತಾ. "ಪರ್ಮಿಷನ್ ಇಲ್ಲ ಅಂತ ತೋರಿಸ್ತಿತ್ತು. ನೋಡಿ, ವೆಬ್‌ಸೈಟಿನ ಸ್ಕ್ರಿಪ್ಟ್ ಓಡೋದು ನಿಮ್ಮ ಹೆಸರಲ್ಲೂ ಅಲ್ಲ, ನನ್ನ ಹೆಸರಲ್ಲೂ ಅಲ್ಲ. ಅದಕ್ಕೇ ಅಂತ ಸರ್ವರ್ ಒಳಗೆ ಒಬ್ಬ ಆಳು ಇರ್ತಾನೆ, ಹೆಸರಿಗೊಂದು ಖಾತೆ ಅಷ್ಟೆ. ಊರೋರೆಲ್ಲ ಅವನನ್ನ ಮಾತಾಡಿಸ್ತಾರೆ, ಅದಕ್ಕೇ ಅವನನ್ನ ಜಗಲಿ ದಾಟಕ್ಕೆ ಬಿಡಲ್ಲ."

"ಸರಿ, ಮುಂದೆ."

"ಗುಪ್ತಲಿಪಿ ಮಾಡೋ ಸಾಧನಾನ, ಅಂದ್ರೆ ಆ ಪ್ರೋಗ್ರಾಂನ, ಓಡಿಸೋದು ಅವನೇ. ಅದಕ್ಕೆ ಬೇಕಾದ ಕೀಲಿಗಳೆಲ್ಲ ಒಂದು ಫೈಲಲ್ಲಿರುತ್ತೆ. ಕೀಲಿಗೊಂಚಲು ಅಂತೀವಿ. ಆ ಫೈಲಿನ ಒಡೆಯ ಆ ಆಳೇ ಆಗಿರಬೇಕು. ಬೇರೆಯವರ ಹೆಸರಿಗೆ ಹೋಯ್ತೋ, ಅವನಿಗೆ ಅದನ್ನ ಮುಟ್ಟಕ್ಕಾಗಲ್ಲ, ಕೆಲಸ ನಿಂತೋಗುತ್ತೆ."

"ಹೋಗಿತ್ತಾ ಬೇರೆಯವರ ಹೆಸರಿಗೆ?"

ಡೇಲ್ ತಲೆ ತಗ್ಗಿಸಿದ. "ನಾನು ಮೊದ್ಲು ಅದನ್ನ ನೋಡ್ಲೇ ಇಲ್ಲ. ಸ್ಕ್ರಿಪ್ಟ್ ನೋಡ್ದೆ. ಸರಿ ಇತ್ತು. ಸಾಧನ ಇರೋ ಜಾಗ ನೋಡ್ದೆ. ಸರಿ ಇತ್ತು. ಆಮೇಲೆ ಸಿಟ್ಟು ಬಂದು ಫೋಲ್ಡರ್ ಬಾಗಿಲು ಎಲ್ಲರಿಗೂ ತೆಗೆದುಬಿಟ್ಟೆ."

"ಎಲ್ಲರಿಗೂ ಅಂದ್ರೆ?"

"ದಾರೀಲಿ ಹೋಗೋ ನಾಯಿಗೂ."

"ಭೇಷ್."

"ಎಲ್ಲರೂ ಹಾಗೇ ಮಾಡ್ತಾರೆ ಮೇಡಂ, ಬಾಯಲ್ಲಿ ಹೇಳಲ್ಲ ಅಷ್ಟೆ. ಅದಕ್ಕೂ ಬಗ್ಗಲಿಲ್ಲ. ಆಗ ಗೊಂಚಲಿನ ಒಡೆಯ ಯಾರು ಅಂತ ನೋಡ್ದೆ. ರೂಟ್."

ರೂಟ್ ಎಂದರೆ ಏನೆಂದು ವಾಂಡಾಳಿಗೂ ಗೊತ್ತಿತ್ತು. ಸರ್ವರಿನಲ್ಲಿ ಎಲ್ಲರ ಮೇಲೆ ಕೂತ ಮಹಾಪ್ರಭು ಅವನು. ಅವನ ಪಾಸ್‌ವರ್ಡ್ ಇದ್ದವನಿಗೆ ಮುಚ್ಚಿದ ಬಾಗಿಲೇ ಇಲ್ಲ.

"ಯಾರೋ ರೂಟ್ ಆಗಿ ಒಳಗೆ ಬಂದು ಅದೇ ಸಾಧನಾನ ಕೈಯಾರೆ ಓಡ್ಸಿದಾರೆ," ಡೇಲ್ ಮುಂದುವರಿಸಿದ. "ಗೊಂಚಲಿಂದ ಒಂದು ಕೀಲಿ ತೆಗೆದ್ರೂ ಸಾಕು, ಸಾಧನ ಆ ಫೈಲನ್ನ ಹೊಸದಾಗಿ ಬರೆಯುತ್ತೆ. ಬರೆಸಿದವನೇ ಒಡೆಯ. ಒಡೆತನಾನ ಆಳಿಗೆ ವಾಪಸ್ ಕೊಟ್ಟು ಹೋಗ್ಬೇಕು. ಇವನು ಮರೆತ."

"ಕಳ್ಳ ಬಂದು ಹೋಗ್ತಾ ಬಾಗಿಲಿಗೆ ತನ್ನ ಬೀಗಾನೇ ಜಡಿದು ಹೋದ ಅನ್ನು."

"ಹಾಗೇ. ಈ ಕೆಲಸದಲ್ಲಿ ಎಲ್ಲರೂ ಒಂದ್ಸಲ ಬೀಳೋ ಗುಂಡಿ ಇದು. ನಾನೂ ಮೊದಲ ವರ್ಷ ಬಿದ್ದಿದ್ದೆ. ದಿನಾ ಸರ್ವರ್ ಜೊತೆ ಬದುಕೋನು ಎರಡನೇ ಸಲ ಬೀಳಲ್ಲ."

ವಾಂಡಾ ಪರದೆಯ ಕಡೆ ಬಾಗಿದಳು. "ತೋರ್ಸು."

"ಏನ್ ತೋರಿಸ್ಲಿ? ಸರಿ ಮಾಡ್ಬಿಟ್ನಲ್ಲ. ಒಡೆತನ ಬದಲಾಯಿಸ್ದೆ, ಪುಟ ಓಡ್ತು, ಮನೆಗೋಗಿ ಮಲಗ್ದೆ."

ಅವಳ ಅಂಗೈ ಅವನ ಕೆನ್ನೆಗೆ ಬಿದ್ದ ಸದ್ದು ಒಲೆಯ ಬಾಯಲ್ಲಿ ಪ್ರತಿಧ್ವನಿಸಿತು. ಮೊದಲು ರಿಪೇರಿ, ಆಮೇಲೆ ಯೋಚನೆ. ಈ ಜಾತಿಯವರಿಗೆ ಮನೆ ಸುಡುತ್ತಿದ್ದರೆ ಬೆಂಕಿ ಹಚ್ಚಿದವನ ಬೆರಳ ಗುರುತಿನ ಮೇಲೇ ನೀರು ಸುರಿಯುವುದು ಅಭ್ಯಾಸ.

"ಬ್ಯಾಕಪ್ ಇದೆ," ಎಂದು ಡೇಲ್ ಕೆನ್ನೆ ಹಿಡಿದುಕೊಂಡೇ ಕೂಗಿದ. "ದಿನಾ ಒಂದು ಪ್ರತಿ ಆ ಡಿಸ್ಕಿಗೆ ಹೋಗುತ್ತೆ." ಒಲೆಯ ಮೇಲಿನ ಕಟ್ಟೆಯಲ್ಲಿ, ಕಾಫಿ ಡಬ್ಬಿಯ ಪಕ್ಕ, ಇಟ್ಟಿಗೆಯಷ್ಟು ದೊಡ್ಡದೊಂದು ಡಿಸ್ಕ್ ಇತ್ತು. "ಹೋದ ವಾರದ ಗೊಂಚಲಲ್ಲಿ ಎರಡು ಕೀಲಿ. ಸ್ಕ್ರಿಪ್ಟಲ್ಲಿ ಎರಡು ಹೆಸರು. ಬಂದ ಪ್ರತಿ ಸುಳಿವೂ ನೊರೀನ್ ಕೀಲಿಗೂ ತೆರೆಯುತ್ತೆ, ಇನ್ನೊಬ್ಬನ ಕೀಲಿಗೂ ತೆರೆಯುತ್ತೆ. ಸೋಮವಾರದ ಪ್ರತೀಲಿ ಒಂದೇ ಕೀಲಿ. ಒಡೆಯ ರೂಟ್. ಅದನ್ನ ಈಗ ತಾನೇ ನೋಡ್ದೆ, ಆಮೇಲೆ ಕಿಟಕೀಲಿ ನೀವು ಕಂಡ್ರಿ. ಅದಕ್ಕೇ ಓಡ್ದೆ."

ಬೆನ್ನಿ ಸತ್ತದ್ದು ಭಾನುವಾರ. ಅವನನ್ನು ಮುಗಿಸಿದ ಮೇಲೆ ಸರ್ವರಿಗೆ ನುಗ್ಗಿದವನು ತನ್ನ ಕೀಲಿಯನ್ನು ಗೊಂಚಲಿನಿಂದ ಕಳಚಿಕೊಂಡು ಹೋಗಿದ್ದ. ಒರೆಸಿದ ಕಲೆಯೇ ಕಲೆಯಾಗಿ ಉಳಿದಿತ್ತು.

"ರೂಟ್ ಪಾಸ್‌ವರ್ಡ್ ಯಾರ್ಯಾರ ಹತ್ರ ಇದೆ?"

"ನಾನು, ಸ್ಯಾಟ್ಲರ್."

"ಅಷ್ಟೇನಾ?"

"ಅಷ್ಟೇ."

ಹೇಳುವಾಗ ಅವನ ಕಣ್ಣು ನೆಲ ನೋಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನವನ್ನು ವಾಂಡಾ ಹದಿನೈದು ವರ್ಷ ಎದುರಿಗೆ ಕೂರಿಸಿಕೊಂಡವಳು. ಇವನು ಏನನ್ನೋ ನುಂಗುತ್ತಿದ್ದ. ಆದರೆ ಅದಕ್ಕಿಂತ ಮುಂಚೆ ಅವಳಿಗೆ ಬೇರೊಂದು ಬೇಕಾಗಿತ್ತು.

"ಮಂಗಳವಾರ ಒಬ್ಬಳು ಬರೆದಳಲ್ಲ. ಅವಳ ಸುಳಿವು ಎಲ್ಲಿಗೆ ಹೋಯ್ತು?"

"ಎಲ್ಲಿಗೂ ಹೋಗಿಲ್ಲ. ಸಾಧನ ಓಡ್ಲಿಲ್ಲ ಅಂದ್ರೆ ಬರೆದಿದ್ದೆಲ್ಲ ಅಲ್ಲೇ ಸತ್ತೋಗುತ್ತೆ. ಯಾರೂ ಓದಿಲ್ಲ. ಓದಕ್ಕಾಗಲ್ಲ."

ಕೊಲೆಗಾರನ ಅವಸರದ ತಪ್ಪೇ ಲಿಡಿಯಾಳ ಜೀವ ಉಳಿಸಿತ್ತು. ಅವಳು ಬರೆದದ್ದು ಟಾಬರನಿಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೇ ಇಲ್ಲ. ಬೆಳಗಿನಿಂದ ಮೊದಲ ಬಾರಿಗೆ ವಾಂಡಾಳಿಗೆ ಅಳು ಬರುವಷ್ಟು ಸಮಾಧಾನವಾಯಿತು.

ಆಗಲೇ ಮುಂಬಾಗಿಲಿನ ಗಾಜು ಪುಡಿಯಾಯಿತು.

ಬಂದವನು ಲೋನಿ ಸ್ಪೆಕ್. ಅಂಗಳದಲ್ಲಿ ಟಾಬರನ ಬಲಗೈ. ಆ ಬಲಗೈಯಲ್ಲಿ ತೋಳುದ್ದದ ಕಬ್ಬಿಣದ ಹಾರೆಯಿತ್ತು. ಡೇಲ್ ಎದ್ದು ನಿಲ್ಲುವುದರೊಳಗೆ ಅದು ಬೀಸಿ ಬಂತು. ಮೇಜಿನ ಅಂಚಿಗಿದ್ದ ಅವನ ಎಡಗೈ ಮೇಲೆ ಬಿತ್ತು. ಎಲುಬು ಮುರಿದ ಸದ್ದಿನ ಹಿಂದೆಯೇ ಡೇಲನ ಕೂಗು ಬಂತು.

"ಬ್ಯಾಕಪ್ ಡಿಸ್ಕ್ ಎಲ್ಲೋ?"

ವಾಂಡಾ ಕುರ್ಚಿ ಎತ್ತಿ ಅವನ ಬೆನ್ನಿಗೆ ಬಡಿದಳು. ಕುರ್ಚಿ ಮುರಿಯಿತು, ಅವನು ಮುರಿಯಲಿಲ್ಲ. ತಿರುಗಿ ಹಾರೆಯ ಹಿಡಿಯಿಂದ ಅವಳ ಪಕ್ಕೆಗೆ ತಿವಿದ. ಉಸಿರೆಲ್ಲ ಒಮ್ಮೆಲೇ ಹೊರಗೆ ಹೋಯಿತು. ಗೋಡೆಗೆ ಬಡಿದು ಕೆಳಗೆ ಜಾರಿದಳು.

"ಹ್ರುಷ್ಕಾ ಅಕ್ಕನೂ ಇಲ್ಲೇ ಇದಾಳೆ," ಎಂದ ಲೋನಿ, ಖುಷಿಯಾಗಿ. "ಒಳ್ಳೇದಾಯ್ತು. ಒಂದೇ ಪ್ರಯಾಣದಲ್ಲಿ ಎರಡು ಕೆಲಸ."

"ಬೆನ್ನಿ ಬೆರಳು ಜಜ್ಜಿದ್ದು ನೀನೇನಾ?"

"ಟೈಪ್ ಮಾಡೋ ಚಟ ಬಿಡ್ಸೋಕೆ." ಹಾರೆ ಎತ್ತಿದ. "ನಿನ್ನ ತೂಕದ ಕೋಣೆ ಹುಡುಗಿಗೂ ಇವತ್ತು ಬಿಡಿಸ್ತಾರೆ. ಚಿಂತೆ ಮಾಡ್ಬೇಡ."

ಹಾರೆ ಇಳಿಯಿತು. ವಾಂಡಾ ಅಡ್ಡ ಉರುಳಿದಳು. ಕಬ್ಬಿಣ ಗಾರೆಯಲ್ಲಿ ಹೂತುಕೊಂಡಿತು. ಅವಳು ಪಕ್ಕದ ಕಪಾಟಿನ ತಳದ ಹಲಗೆಗೆ ಎರಡೂ ಕಾಲು ಕೊಟ್ಟು ಒದ್ದಳು. ಕರೆಂಟು ಹೋದಾಗ ಸರ್ವರ್‌ಗಳನ್ನು ಹೊರುವ ಬ್ಯಾಟರಿ ಪೆಟ್ಟಿಗೆ ಅಲ್ಲಿತ್ತು, ಒಂದು ಕರುವಿನಷ್ಟು ಭಾರದ್ದು. ಅದು ಜಾರಿ ಬಂದು ಲೋನಿಯ ಪಾದದ ಮೇಲೆ ಕೂತಿತು.

ಅವನು ಬಾಗಿದ. ವಾಂಡಾ ಗೋಡೆಯಿಂದ ಹಾರೆ ಕಿತ್ತಳು. ಮೊದಲ ಏಟು ಮೊಣಕೈಗೆ. ಎರಡನೆಯದು ದವಡೆಗೆ, ಹಲ್ಲು ಕೀಬೋರ್ಡಿನ ಮೇಲೆ ಚೆಲ್ಲಿದವು. ಮೂರನೆಯದು ಬೇಕಾಗಿರಲಿಲ್ಲ. ಬೆನ್ನಿಯ ಬೆರಳುಗಳನ್ನು ನೆನೆದು ಅದನ್ನೂ ಕೊಟ್ಟಳು.

ಲೋನಿ ಮಗ್ಗುಲಾಗಿ ಬಿದ್ದು ಗೊರಗೊರ ಸದ್ದು ಮಾಡುತ್ತಾ ಉಳಿದ. ಕೋಣೆಯಲ್ಲಿ ಸುಟ್ಟ ತಂತಿಯ ವಾಸನೆ ಹರಡಿತು. ಕಪಾಟೊಂದರ ಗುಂಯ್ ಸದ್ದು ನಿಂತುಹೋಗಿತ್ತು. ವಾಂಡಾ ಪಕ್ಕೆ ಹಿಡಿದುಕೊಂಡು ನಿಂತಳು. ನೋವು ಅವಳಿಗೆ ಇನ್ನೂ ತಲುಪಿರಲಿಲ್ಲ. ಬೇರೊಂದು ಮಾತು ತಲುಪಿತ್ತು.

ತೂಕದ ಕೋಣೆ ಹುಡುಗಿ ಎಂದಿದ್ದ.

ಲಿಡಿಯಾ ಬರೆದದ್ದು ಸರ್ವರಿನಲ್ಲೇ ಸತ್ತಿತ್ತು. ಅವಳು ಬರೆದಳೆಂದು ತಿಳಿದವರು ಈ ಊರಿನಲ್ಲಿ ಎಷ್ಟು ಜನ? ಲಿಡಿಯಾ. ತಾನು. ತಾನೇ ಬಾಯಿಬಿಟ್ಟು ಹೇಳಿದ ಇನ್ನೊಬ್ಬ.

"ಡೇಲ್," ಎಂದಳು. ಅವಳ ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು. "ಪಾಸ್‌ವರ್ಡ್. ಮೂರನೆಯವನು ಯಾರು?"

ಡೇಲ್ ಒಲೆಗೆ ಒರಗಿ ಕೂತು ಮುರಿದ ಕೈಯನ್ನು ಎದೆಗೊತ್ತಿಕೊಂಡಿದ್ದ. "ಸ್ಯಾಟ್ಲರ್‌ಗೆ ಗೊತ್ತಾದ್ರೆ ಕೆಲಸ ಹೋಗುತ್ತೆ..."

"ನಿನ್ ಕೆಲಸಕ್ಕೆ ಬೆಂಕಿ ಬೀಳ. ಅಲ್ಲೊಬ್ಬಳ ಪ್ರಾಣ ಹೋಗ್ತಿದೆ."

"ಆ ಸ್ಕ್ರಿಪ್ಟ್ ಬರೆದವರಿಗೆ ಕೊಟ್ಟಿದ್ದೆ," ಎಂದ, ಅಳುತ್ತಾ. "ಹೋದ ವರ್ಷ. ಅವರು ಪತ್ರಿಕೆಗೆ ಪುಕ್ಕಟೆ ಮಾಡ್ಕೊಟ್ರು. ಅವತ್ತೂ ಇದೇ ಪರ್ಮಿಷನ್ ಗೋಳು. ಇಡೀ ದಿನ ಒದ್ದಾಡಿದ್ರು. ನಂಗೆ ಮಗಳ ಹಾಕಿ ಪಂದ್ಯಕ್ಕೆ ಹೊತ್ತಾಗ್ತಿತ್ತು. ರೂಟ್ ಪಾಸ್‌ವರ್ಡ್ ಬರ್ಕೊಟ್ಟು, ನೀವೇ ನೋಡ್ಕೊಳ್ಳಿ ಸಾರ್ ಅಂದೆ. ಬದಲಾಯಿಸೋದು ಮರೆತೇ ಹೋಯ್ತು. ಪೊಲೀಸ್ ಆಗಿದ್ದೋರು ಮೇಡಂ. ಪೊಲೀಸರನ್ನ ನಂಬ್ದೆ ಯಾರನ್ನ ನಂಬ್ಲಿ? ನಿವೃತ್ತಿ ಆದ್ಮೇಲೆ ಕಂಪ್ಯೂಟರ್ ಕಲಿತಿದೀನಿ ಅಂತಿದ್ರು. ಕುಂಟ್ತಾ ನಡೀತಾರೆ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬೇಲಿಯ ಒಳಗೆ ಕರುವನ್ನು ಕೈಯಾರೆ ಕಟ್ಟಿ ಬಂದವಳು ತಾನು. ಜೊತೆಗೆ ತನ್ನ ಪಿಸ್ತೂಲನ್ನೂ ಕೊಟ್ಟು. ಕೆಲಸದಲ್ಲಿ ಗುಂಡೇಟು ಬಿದ್ದ ರಾತ್ರಿ ತನ್ನನ್ನು ಹೆಗಲ ಮೇಲೆ ಹೊತ್ತು ಓಡಿದ್ದ ವೆಂಡಲ್ ಅವಳ ಕಣ್ಣ ಮುಂದೆ ಬಂದ. ಅವನನ್ನು ಅವಳು ಅಣ್ಣನಂತೆ ಪ್ರೀತಿಸಿದ್ದಳು. ಆ ಪ್ರೀತಿ ಈಗಲೂ ಎದೆಯಲ್ಲೇ ಇತ್ತು, ಅದೇ ಅಸಹ್ಯವಾಗಿತ್ತು.

ಫೋನ್ ತೆಗೆದಳು. ಮೊಣಕೈಯನ್ನು ಕಪಾಟಿಗೆ ಊರಿದಳು. ಡೇಲನಿಗೆ ಬಾಯಿ ಮೇಲೆ ಬೆರಳಿಟ್ಟು ತೋರಿಸಿದಳು.

"ಹೇಳು ಮರಿ," ಎಂದ ವೆಂಡಲ್. ಹಿಂದೆ ಕಾರಿನ ಸದ್ದು, ರೇಡಿಯೋ.

"ಎಲ್ಲಿದೀಯ?"

"ದಾರೀಲಿ. ರಸ್ತೆ ತುಂಬ ಹಿಮ. ಹುಡುಗಿಗೆ ಡೋನಟ್ ಕೊಡಿಸ್ದೆ, ನನ್ನ ಕಾಲದ ಹಾಡು ಕೇಳಿಸ್ತಿದೀನಿ. ಪಾಪ, ಸಹಿಸ್ಕೊಂಡಿದಾಳೆ."

ಹಿಂದೆ ಲಿಡಿಯಾ ನಕ್ಕದ್ದು ಕೇಳಿಸಿತು. ಜೀವ ಇತ್ತು. ವಾಂಡಾ ಕಣ್ಣು ಮುಚ್ಚಿದಳು.

"ಅವಳನ್ನ ವಾಪಸ್ ಕರ್ಕೊಂಡ್ ಬಾ ವೆಂಡಲ್. ನೊರೀನ್‌ಗೆ ಎಚ್ಚರ ಆಗಿದೆಯಂತೆ. ಲಿಡಿಯಾನ ನೋಡ್ಬೇಕು ಅಂತಿದಾಳೆ. ಆಸ್ಪತ್ರೆ ಬಾಗಿಲಲ್ಲಿ ನಾನಿರ್ತೀನಿ."

"ಹೌದಾ. ಡೇಲ್ ಸಿಕ್ನಾ?"

"ಇಲ್ಲ. ಬೀಗ ಹಾಕ್ಕೊಂಡು ಎಲ್ಲೋ ಹೋಗಿದಾನೆ. ನಾನು ಕಾರಲ್ಲೇ ಕೂತಿದೀನಿ."

"ಅಲ್ಲಿಗೆ ಬೇರೆ ಯಾರೂ ಬರ್ಲಿಲ್ವಾ?"

"ಈ ಚಳೀಲಿ ಯಾರ್ ಬರ್ತಾರೆ?"

"ಸುಮ್ನೆ ಕೇಳ್ದೆ." ಕಾರಿನ ವೇಗ ತಗ್ಗಿದ್ದು ಗೊತ್ತಾಯಿತು. ತಿರುವಿನ ದೀಪದ ಟಿಕ್ ಟಿಕ್. ಚಕ್ರದ ಕೆಳಗೆ ಡಾಂಬರು ಮುಗಿದು ಜಲ್ಲಿ ಶುರುವಾಯಿತು. "ಒಂದ್ನಿಮಿಷ ಲೈನಲ್ಲೇ ಇರು ಮರಿ."

ರೇಡಿಯೋ ನಿಂತಿತು.

ಬೇಕರಿಯ ನೆಲದ ಮೇಲೆ, ಲೋನಿ ಸ್ಪೆಕ್‌ನ ಕೋಟಿನ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಜಾತ್ರೆಯ ತೊಟ್ಟಿಲಿಗೆ ಬಾರಿಸುವಂಥ ಗೆಲುವಿನ ರಾಗ. ಡೇಲ್ ಮುರಿದ ಕೈಯನ್ನೂ ಮರೆತು ಅದರ ಮೇಲೆ ಮೈಚೆಲ್ಲಿ ಬಿದ್ದ, ಹೊಟ್ಟೆಯಿಂದ ಅದರ ಬಾಯಿ ಮುಚ್ಚಲು ನೋಡಿದ. ಅದು ಅವನ ಕೆಳಗಿನಿಂದಲೂ ಹಾಡುತ್ತಲೇ ಇತ್ತು.

ವಾಂಡಾ ಫೋನನ್ನು ಎದೆಗೆ ಒತ್ತಿಕೊಂಡಳು. ತಡವಾಗಿತ್ತು. ಮತ್ತೆ ಕಿವಿಗಿಟ್ಟಾಗ ಆ ಕಡೆ ವೆಂಡಲ್‌ನ ಉಸಿರು ಮಾತ್ರ ಇತ್ತು, ಅವನೂ ಅದೇ ಹಾಡನ್ನು ಕೇಳುತ್ತಿದ್ದ.

"ಅಯ್ಯೋ ವಾಂಡಾ," ಎಂದ, ನಿಜವಾಗಿ ನೊಂದವನಂತೆ.

ಅವನು ತನ್ನ ನೆಮ್ಮದಿಯ ಫೋನ್ ಇಟ್ಟಿರಬೇಕು, ಲೋನಿಯ ಜೇಬಿನ ಹಾಡು ನಿಂತಿತು. ಕಾರಿನ ನಾಲ್ಕೂ ಬಾಗಿಲಿನ ಬೀಗಗಳು ಒಟ್ಟಿಗೆ ಬಿದ್ದ ಸದ್ದು ಬಂತು. ಆಮೇಲೆ ಬಾಯಲ್ಲಿ ಡೋನಟ್ ಇಟ್ಟುಕೊಂಡೇ ಲಿಡಿಯಾ ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

"ಅಂಕಲ್, ಇಲ್ಯಾಕೆ ನಿಲ್ಸಿದ್ರಿ?"